ಮಿಲಿಟರಿ ಕಾರ್ಡ್ ಬಂತು, ಪೌರತ್ವ ಬಂತಾ?

ಹೋದ ತಿಂಗಳು ನಮ್ಮ ಓಣಿಯ ಕಾಕಾ ಒಬ್ಬರು ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದರು. ಕಲಬುರಗಿಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಪಹಣಿಯಿಂದ ಹಿಡಿದು 371ಜೆ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಒಸಿಐ (ಭಾರತದ ನಂಟಿರುವ ವಿದೇಶಿ ಪೌರರಿಗೆ ಭಾರತ ಕೊಡುವ, ಕಾಯಂ ವೀಸಾದಂಥ ಕಾರ್ಡ್) ತನಕ ಎಲ್ಲ ಕಾಗದವೂ ಈ ಟೇಬಲ್ ಮೇಲೆ ಹಾದುಹೋಗುತ್ತದೆ. ಕಾಕಾರ ಮಗಳು ಇಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದವಳು. ಅಲ್ಲಿಯೇ ಅಮೆರಿಕದ ಸೇನೆಯಲ್ಲಿರುವ ಹುಡುಗನನ್ನು ಮದುವೆಯಾಗಿದ್ದಾಳೆ. ಮೊಬೈಲ್‌ನಲ್ಲಿ ಇದ್ದದ್ದು ಅವಳ ಹೊಸ ಗುರುತಿನ ಚೀಟಿಯ ಫೋಟೊ.

"ನೋಡ್ರಿ, ಮಿಲಿಟರಿ ಕಾರ್ಡ್ ಬಂದದ. ಇನ್ನ ಆಕಿ ಅಮೆರಿಕದಾಕಿ ಆದಳಲ್ಲ? ಇಲ್ಲಿನ ಪಾಸ್‌ಪೋರ್ಟ್ ಏನ್ ಮಾಡಬೇಕು?"

"ಕಾಕಾ, ಅದು ದವಾಖಾನಿಗೆ, ಅಂಗಡಿಗೆ ಹೋಗೋ ಕಾರ್ಡ್. ಪೌರತ್ವ ಬ್ಯಾರೆ ಅದ. ಪಾಸ್‌ಪೋರ್ಟ್ ಮುಟ್ಟಬ್ಯಾಡ್ರಿ."

ಅವರಿಗೆ ಸ್ವಲ್ಪ ಬೇಜಾರಾಯ್ತು. ಊರೆಲ್ಲ ಪೇಢೆ ಹಂಚಿ ಬಂದಿದ್ದರು. ಆದರೆ ಈ ತಪ್ಪು ತಿಳಿವಳಿಕೆ ಅವರೊಬ್ಬರದಲ್ಲ. ಸೈನಿಕನನ್ನು ಮದುವೆಯಾದರೆ ಆ ದೇಶ ತಾನಾಗಿಯೇ ಕರೆದು ಪೌರತ್ವ ಕೊಡುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗೆ ಕೊಡುವುದಿಲ್ಲ. ಅಮೆರಿಕದಲ್ಲಿ ಸಮವಸ್ತ್ರದಿಂದ ಕೆಲವು ಕಡೆ ಕೆಲಸ ಬೇಗ ಆಗುತ್ತದೆ. ನಮ್ಮಲ್ಲಿ ಅದೇ ಸಮವಸ್ತ್ರದಿಂದ ನಿಧಾನ ಆಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಕಾಕಾರ ಮಗಳ ವಿಷಯ. ಸೈನಿಕರ ಕುಟುಂಬದವರಿಗೆ ಸಿಗುವ ಆ ಕಾರ್ಡ್‌ನಿಂದ ಸೇನೆಯ ವೈದ್ಯಕೀಯ ಸೌಲಭ್ಯ ಸಿಗುತ್ತದೆ. ಸೇನಾನೆಲೆಯ ಒಳಗೆ ಹೋಗಬಹುದು, ಅಲ್ಲಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಾಮಾನು ಕೊಳ್ಳಬಹುದು. ವಲಸೆ ಇಲಾಖೆಗೆ ಅದು ಬರೀ ಪ್ಲಾಸ್ಟಿಕ್ ತುಂಡು. ಅವರು ಕೇಳುವುದು ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಅನುಮತಿ. ಅದಕ್ಕೆ ಗಂಡ ಐ-130 ಎಂಬ ಅರ್ಜಿ ಹಾಕಬೇಕು. ಹುಡುಗಿ ಕಾನೂನುಬದ್ಧವಾಗಿ ಅಮೆರಿಕದ ಒಳಗೇ ಇದ್ದರೆ ಅದರ ಜೊತೆಗೇ ಐ-485 ಹಾಕಿ ಅಲ್ಲಿಯೇ ಗ್ರೀನ್ ಕಾರ್ಡ್ ಪಡೆಯಬಹುದು. ಅವಳು ಕಲಬುರಗಿಯಲ್ಲೇ ಇದ್ದಿದ್ದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಬೇಕಾಗುತ್ತಿತ್ತು. ಅಮೆರಿಕದ ಕಾನ್ಸುಲೇಟ್ ಹೈದರಾಬಾದ್‌ನಲ್ಲೂ ಇದೆ, ನಮಗೆ ಅದು ಹತ್ತಿರ ಕೂಡ. ಆದರೆ ವಲಸೆ ವೀಸಾದ ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲೇ ನಡೆಯುತ್ತದೆ.

ಇಲ್ಲಿ ಗಂಡ ಯಾರು ಅನ್ನುವುದು ಮುಖ್ಯ. ಅವನು ಅಮೆರಿಕದ ಪೌರನಾಗಿದ್ದರೆ ಹೆಂಡತಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿಲ್ಲ, ಸರದಿಯೂ ಇಲ್ಲ. ಬರೀ ಗ್ರೀನ್ ಕಾರ್ಡ್ ಇಟ್ಟುಕೊಂಡು ಸೇನೆ ಸೇರಿದವನಾಗಿದ್ದರೆ ಹೆಂಡತಿ ಸರದಿಯಲ್ಲಿ ನಿಲ್ಲಬೇಕು. ಅಮೆರಿಕದ ಸೇನೆಗೆ ಗ್ರೀನ್ ಕಾರ್ಡ್ ಇದ್ದವರೂ ಸೇರಬಹುದು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಂಥ ಸೈನಿಕನಿಗೆ ಒಂದು ಅನುಕೂಲ ಇದೆ. ಶಾಂತಿಕಾಲದ ನಿಯಮದಲ್ಲಿ ಒಂದು ವರ್ಷ ಒಳ್ಳೆಯ ಸೇವೆ ಮಾಡಿದರೆ ಅವನು ಪೌರತ್ವಕ್ಕೆ ಅರ್ಜಿ ಹಾಕಬಹುದು. ಯುದ್ಧಕಾಲದ ನಿಯಮದಲ್ಲಿ ಆ ಒಂದು ವರ್ಷವೂ ಬೇಕಿಲ್ಲ. 2001ರ ಸೆಪ್ಟೆಂಬರ್ 11ರಿಂದ ಈಚೆಗಿನ ಕಾಲವನ್ನು ಅಮೆರಿಕ ಯುದ್ಧಕಾಲ ಅಂತಲೇ ಲೆಕ್ಕ ಹಿಡಿದಿದೆ. ಸೈನಿಕನಿಗೆ ಶುಲ್ಕವೂ ಇಲ್ಲ. ಅವನು ಪೌರನಾದ ದಿನ ಹೆಂಡತಿಯ ಫೈಲು ಸರದಿಯಿಂದ ಹೊರಗೆ ಬರುತ್ತದೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಮೊದಲು ಗಂಡನ ಕಾಗದ ನೋಡಿ, ಆಮೇಲೆ ಹೆಂಡತಿಯದು.

ಹಣದ ವಿಷಯದಲ್ಲೂ ಸೈನಿಕನಿಗೆ ಒಂದು ಸಣ್ಣ ರಿಯಾಯಿತಿ ಇದೆ. ಹೆಂಡತಿಯನ್ನು ಸಾಕುತ್ತೇನೆ ಎಂದು ಗಂಡ ಐ-864 ಎಂಬ ಮುಚ್ಚಳಿಕೆ ಬರೆದುಕೊಡಬೇಕು. ಸಾಮಾನ್ಯ ಜನರ ಆದಾಯ ಬಡತನದ ಮಟ್ಟಕ್ಕಿಂತ ಮೇಲೆ, ಅಂದರೆ ಅದರ 125% ಇರಬೇಕು. ಸೇವೆಯಲ್ಲಿರುವ ಸೈನಿಕ ಹೆಂಡತಿಗೋ ಮಕ್ಕಳಿಗೋ ಅರ್ಜಿ ಹಾಕಿದರೆ 100% ಸಾಕು. ಆಗತಾನೇ ಸೇರಿದ ಸಿಪಾಯಿಯ ಸಂಬಳ ನಾವು ಅಂದುಕೊಂಡಷ್ಟು ಇರುವುದಿಲ್ಲ. ಅವನಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಗ್ರೀನ್ ಕಾರ್ಡ್ ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡೇ ವರ್ಷದ, ಷರತ್ತಿನ ಕಾರ್ಡ್ ಕೊಡುತ್ತಾರೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಸೇರಿ, ಷರತ್ತು ತೆಗೆಯಿರಿ ಎಂದು ಕೇಳುವ ಐ-751 ಅರ್ಜಿ ಹಾಕಬೇಕು. ಸೈನಿಕರ ಮನೆಗಳು ಎಡವುವುದು ಇಲ್ಲೇ. ವರ್ಗಾವಣೆ ಬರುತ್ತದೆ, ಮನೆ ಬದಲಾಗುತ್ತದೆ, ಇಲಾಖೆಯ ಕಾಗದ ಹಳೇ ವಿಳಾಸಕ್ಕೆ ಹೋಗುತ್ತದೆ. ವಿಳಾಸ ಬದಲಾದರೆ 10 ದಿನದಲ್ಲಿ ತಿಳಿಸಬೇಕು ಅನ್ನುವ ನಿಯಮ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಯಾರಿಗೆ ನೆನಪಿರುತ್ತದೆ? ಸೇನೆ ತಿಳಿಸುತ್ತದೆ ಅಂತ ಕೂತರೆ ಕೆಟ್ಟಿತು. ಅದು ನಮ್ಮದೇ ಕೆಲಸ.

ಈಗ ಪೌರತ್ವ. ಗ್ರೀನ್ ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಅಮೆರಿಕದ ಪೌರನ ಜೊತೆ ಸಂಸಾರ ಮಾಡುತ್ತಿದ್ದರೆ 3 ವರ್ಷ. ಸೈನಿಕನ ಹೆಂಡತಿಗೂ ಅಷ್ಟೇ, 3 ವರ್ಷ. ಗಂಡನ ನೇಮಕ ಟೆಕ್ಸಾಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದರೆ ಸಮವಸ್ತ್ರದಿಂದ ಅವಳಿಗೆ ಒಂದು ದಿನವೂ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಕಾಕಾ ನನ್ನನ್ನು ನಂಬಲಿಲ್ಲ.

ಲೆಕ್ಕ ಬದಲಾಗುವುದು ಪೌರನಾದ ಗಂಡನಿಗೆ ಹೊರದೇಶಕ್ಕೆ ಪೋಸ್ಟಿಂಗ್ ಬಂದಾಗ. ಜರ್ಮನಿ, ಜಪಾನ್, ದಕ್ಷಿಣ ಕೊರಿಯಾ, ಹೀಗೆ ಎಲ್ಲಿಯಾದರೂ ಸರಿ. ಆದೇಶ ಕನಿಷ್ಠ ಒಂದು ವರ್ಷದ್ದಾಗಿರಬೇಕು. ಹೆಂಡತಿ ಅವನ ಜೊತೆ ಹೋಗುವವಳಾಗಿರಬೇಕು. ಕೆಲಸ ಮುಗಿದ ಮೇಲೆ ಅಮೆರಿಕಕ್ಕೆ ವಾಪಸ್ ಬರುತ್ತೇನೆ ಎಂದು ಹೇಳಬೇಕು. ಕೈಯಲ್ಲಿ ಗ್ರೀನ್ ಕಾರ್ಡ್ ಇರಲೇಬೇಕು. ಇಷ್ಟಿದ್ದರೆ 3 ವರ್ಷ ಕಾಯುವ ಷರತ್ತೇ ಇಲ್ಲ. ಇಷ್ಟು ದಿನ ಅಮೆರಿಕದಲ್ಲಿ ಇದ್ದಿರಬೇಕು ಎಂಬ ಲೆಕ್ಕವೂ ಇಲ್ಲ. ಗ್ರೀನ್ ಕಾರ್ಡ್ ಬಂದ ತಿಂಗಳೇ ಅರ್ಜಿ ಹಾಕಿದರೂ ನಡೆಯುತ್ತದೆ. ಈ ದಾರಿ ಬೇಡ ಅನ್ನುವವರಿಗೆ 2008ರ ಜನವರಿಯಲ್ಲಿ ಬಂದ ತಿದ್ದುಪಡಿ ಇದೆ. ಗಂಡನ ಜೊತೆ ಆದೇಶದ ಮೇಲೆ ಹೊರದೇಶದಲ್ಲಿ ಕಳೆದ ದಿನಗಳನ್ನೂ ಅಮೆರಿಕದಲ್ಲೇ ಕಳೆದ ದಿನಗಳೆಂದು ಎಣಿಸುತ್ತಾರೆ. ಪ್ರಮಾಣವಚನವನ್ನೂ ಅಲ್ಲಿಯೇ ತೆಗೆದುಕೊಳ್ಳಬಹುದು.

ಅಂದರೆ ಈ ರಿಯಾಯಿತಿ ಮದುವೆಯನ್ನು ನೋಡಿ ಕೊಟ್ಟದ್ದಲ್ಲ, ಪೋಸ್ಟಿಂಗ್ ನೋಡಿ ಕೊಟ್ಟದ್ದು. ನಿನ್ನ ಗಂಡನನ್ನು ನಾವೇ ಹೊರಗೆ ಕಳಿಸುತ್ತೇವೆ, ಅದರಿಂದ ನಿನ್ನ ದಿನಗಳ ಲೆಕ್ಕ ಹಾಳಾಗಬಾರದು. ಆ ಕಾನೂನಿನ ತರ್ಕ ಇಷ್ಟೇ. ನನಗೆ ಇದು ಸರಿ ಅನ್ನಿಸುತ್ತದೆ.

ಪರೀಕ್ಷೆ ಮಾತ್ರ ಸೈನಿಕನ ಹೆಂಡತಿ ಅಂತ ತಪ್ಪುವುದಿಲ್ಲ. ಇಂಗ್ಲಿಷ್ ಬರಬೇಕು, ಅಮೆರಿಕದ ಇತಿಹಾಸ ಮತ್ತು ಸರ್ಕಾರದ ಬಗ್ಗೆ ಉತ್ತರ ಹೇಳಬೇಕು. 2025ರ ಅಕ್ಟೋಬರ್ 20ರಿಂದ ಹಾಕಿದ ಅರ್ಜಿಗಳಿಗೆ ಹೊಸ ಪರೀಕ್ಷೆ ಬಂದಿದೆ. 128 ಪ್ರಶ್ನೆ ಓದಿಕೊಂಡಿರಬೇಕು. ಅದರಲ್ಲಿ 20 ಕೇಳುತ್ತಾರೆ, 12ಕ್ಕೆ ಸರಿ ಉತ್ತರ ಬೇಕು. ಶುಲ್ಕದ ಮಾಫಿ ಸೈನಿಕನಿಗೆ ಮಾತ್ರ, ಹೆಂಡತಿ ಕಟ್ಟಬೇಕು.

ಇನ್ನೊಂದು ನಿಯಮ ಇದೆ. ಮದುವೆಯ ಸಂಭ್ರಮದಲ್ಲಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ, ಕೇಳುವುದು ತಪ್ಪೂ ಅನ್ನಿಸುತ್ತದೆ. ಪೌರನಾದ ಗಂಡ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಗ್ರೀನ್ ಕಾರ್ಡ್ ಇರುವ ಹೆಂಡತಿ ವರ್ಷಗಳ ಲೆಕ್ಕವಿಲ್ಲದೆ ಪೌರತ್ವ ಕೇಳಬಹುದು. ಗ್ರೀನ್ ಕಾರ್ಡ್ ಇನ್ನೂ ಬಂದಿರದಿದ್ದರೆ ಎರಡು ವರ್ಷದ ಒಳಗೆ ತಾನೇ ಅರ್ಜಿ ಹಾಕಿಕೊಳ್ಳಬಹುದು. ಗಂಡ ಹೊಡೆಯುವವನಾದರೆ ಅವನಿಗೆ ತಿಳಿಸದೆಯೇ ಅರ್ಜಿ ಹಾಕುವ ದಾರಿಯೂ ಇದೆ. ಮಗಳನ್ನು ಅಷ್ಟು ದೂರ ಕಳಿಸಿದ ತಂದೆತಾಯಿಗೆ ಇವೆರಡು ಗೊತ್ತಿರಲೇಬೇಕು.

ಅಮೆರಿಕ ಮೊದಲಿನಿಂದಲೂ ಹೀಗೆ ಉದಾರವಾಗಿತ್ತು ಅಂದುಕೊಳ್ಳಬೇಡಿ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಸೇನೆ ಸೇರಿದ ಸಿಖ್. ಆ ವರ್ಷವೇ ಪೌರತ್ವ ಕೊಟ್ಟರು, ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ, ಆಫ್ರಿಕ ಮೂಲದವರಿಗೆ ಮಾತ್ರ ಪೌರತ್ವ ಅನ್ನುವ ಕಾಲ ಅದು. ಮತ್ತೆ ಅರ್ಜಿ ಹಾಕಿ ಗೆದ್ದರು. ಸರ್ಕಾರ ಮೇಲಿನ ಕೋರ್ಟಿಗೆ ಹೋಯಿತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ಕೊನೆಗೆ ಥಿಂಡ್ ಪೌರರಾದದ್ದು 1936ರಲ್ಲಿ. ಆ ಯುದ್ಧದಲ್ಲಿ ದುಡಿದ ಏಷ್ಯಾದ ಸೈನಿಕರಿಗಾಗಿ ಹಿಂದಿನ ವರ್ಷ ಬಂದಿದ್ದ ಕಾನೂನಿನಿಂದ. ಸೈನಿಕನಿಗೇ ಈ ಗತಿ ಅಂದರೆ ಹೆಂಡತಿಯ ಮಾತೆಲ್ಲಿ? ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರ ಡಿಸೆಂಬರ್‌ನಲ್ಲಿ, ಸೈನಿಕರ ವಿದೇಶಿ ಹೆಂಡತಿಯರನ್ನು ಸರದಿಯಿಲ್ಲದೆ ಒಳಗೆ ಬಿಡುವ ಕಾನೂನು ಬಂತು. ಅದರ ಲಾಭ ಜಾಸ್ತಿ ಸಿಕ್ಕಿದ್ದು ಯುರೋಪಿನ ಹೆಂಗಸರಿಗೆ. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಜುಲೈನಲ್ಲಿ, ಅದೂ ವರ್ಷಕ್ಕೆ 100 ಜನಕ್ಕೆ.

ಈಗಲೂ ಗಾಳಿ ತಿರುಗುತ್ತಿರುತ್ತದೆ. 2025ರಲ್ಲಿ ಲೂಸಿಯಾನದಲ್ಲಿ ಮಾಜಿ ಸೈನಿಕನ ಹೆಂಡತಿಯನ್ನು, ಎಳೆ ಮಗುವಿನ ತಾಯಿಯನ್ನು, ವಲಸೆ ಅಧಿಕಾರಿಗಳು ಹಿಡಿದು ಒಳಗೆ ಹಾಕಿದರು. ಗಂಡ ಸೈನಿಕ ಅಂದರೆ ಅಧಿಕಾರಿಗಳು ಸ್ವಲ್ಪ ನೋಡಿಯೂ ನೋಡದ ಹಾಗಿರುತ್ತಿದ್ದ ಕಾಲ ಹೋಯಿತು. ಕಾಕಾರ ಮಗಳ ವಿದ್ಯಾರ್ಥಿ ವೀಸಾ ಇನ್ನೂ ಜೀವಂತ ಇದೆ ತಾನೆ ಅಂತ ನಾನು ಮೊದಲು ಕೇಳಿದ್ದು ಅದಕ್ಕೇ.

ಈಗ ಇನ್ನೊಂದು ದಿಕ್ಕು. ಬೀದರ್‌ನ ಏರ್‌ಫೋರ್ಸ್ ಸ್ಟೇಷನ್ ಯಾರಿಗೆ ಗೊತ್ತಿಲ್ಲ? ದೇಶದ ಎಷ್ಟೋ ಯುದ್ಧವಿಮಾನ ಚಾಲಕರು ಅಲ್ಲಿ ತರಬೇತಿ ಪಡೆದಿದ್ದಾರೆ. ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಅಲ್ಲಿ. ಅಂಥ ಒಬ್ಬ ಅಧಿಕಾರಿಯೋ, ನಮ್ಮ ಯಾದಗಿರಿ ಹಳ್ಳಿಯಿಂದ ಹೋದ ಸಿಪಾಯಿಯೋ ವಿದೇಶಿ ಹುಡುಗಿಯನ್ನು ಮೆಚ್ಚಿದರೆ ಏನಾಗುತ್ತದೆ?

ಮೊದಲ ಗೇಟಿನಲ್ಲೇ ನಿಲ್ಲುತ್ತಾನೆ. ಕೇಂದ್ರ ಸರ್ಕಾರದ ಸಾಮಾನ್ಯ ನೌಕರ ವಿದೇಶಿಯರನ್ನು ಮದುವೆಯಾದರೆ ಸರ್ಕಾರಕ್ಕೆ ಕೂಡಲೇ ತಿಳಿಸಿದರೆ ಸಾಕು, 1964ರ ನಡತೆ ನಿಯಮ ಹೇಳುವುದು ಅಷ್ಟೇ. ಸೈನ್ಯದಲ್ಲಿ ಇರುವವರು ಮದುವೆಗೆ ಮೊದಲೇ ಅನುಮತಿ ಪಡೆಯಬೇಕು. ಅರ್ಜಿ ಮೇಲಧಿಕಾರಿಗಳ ಮೂಲಕ ಹೋಗುತ್ತದೆ, ಹುಡುಗಿಯ ಹಿನ್ನೆಲೆ ವಿಚಾರಣೆ ಆಗುತ್ತದೆ. ಅಗ್ನಿವೀರನಾಗಿದ್ದರೆ ಇದೆಲ್ಲ ಪ್ರಶ್ನೆಯೇ ಅಲ್ಲ. ಆ ನಾಲ್ಕು ವರ್ಷ ದೇಶಿ ಹುಡುಗಿಯನ್ನೂ ಮದುವೆಯಾಗುವ ಹಾಗಿಲ್ಲ.

ತಿಳಿಸುವುದು, ಅನುಮತಿ ಕೇಳುವುದು, ಇವೆರಡರ ನಡುವಿನ ಗೊಂದಲ ಎಷ್ಟು ದುಬಾರಿ ಅಂತ 2025ರ ಮೇ ತಿಂಗಳಲ್ಲಿ ದೇಶವೇ ನೋಡಿತು. ಜಮ್ಮುವಿನ ಒಬ್ಬ ಸಿಆರ್‌ಪಿಎಫ್ ಜವಾನ ಪಾಕಿಸ್ತಾನದ ಹುಡುಗಿಯನ್ನು ವಿಡಿಯೊ ಕರೆಯಲ್ಲಿ ಮದುವೆಯಾಗಿದ್ದ. ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ವೀಸಾ ರದ್ದಾದಾಗ ವಿಷಯ ದೊಡ್ಡದಾಯಿತು. ಮದುವೆ ಮುಚ್ಚಿಟ್ಟ, ವೀಸಾ ಮುಗಿದ ಮೇಲೂ ಮನೆಯಲ್ಲಿ ಇಟ್ಟುಕೊಂಡ ಎಂದು ಪಡೆ ಅವನನ್ನು ವಜಾ ಮಾಡಿತು. ನಾನು ಮೊದಲೇ ತಿಳಿಸಿದ್ದೆ ಎಂದು ಅವನ ವಾದ. ಸಿಆರ್‌ಪಿಎಫ್ ಸೇನೆಯಲ್ಲ, ಕೇಂದ್ರದ ಸಶಸ್ತ್ರ ಪೊಲೀಸ್ ಪಡೆ. ಸೇನೆಯಲ್ಲಿ ಇದಕ್ಕಿಂತ ಸಡಿಲ ಇರುತ್ತದೆ ಅಂತ ಯಾರೂ ಅಂದುಕೊಳ್ಳಬಾರದು. ನಮ್ಮ ಭಾಗದ ಕೆಲವು ಮನೆತನಗಳಿಗೆ 1948ರ ನಂತರ ಕರಾಚಿಗೆ ಹೋದ ಬಂಧುಗಳಿದ್ದಾರೆ. ಅವರಿಗೆ ಈ ಸುದ್ದಿ ಬರೀ ಟಿವಿಯ ಸುದ್ದಿಯಾಗಿರಲಿಲ್ಲ.

ಸರಿ, ಅನುಮತಿ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಮದುವೆಯನ್ನು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಾಯಿಸಬಹುದು. 30 ದಿನದ ನೋಟಿಸ್ ಇರುತ್ತದೆ. ಹುಡುಗಿ ಅವಿವಾಹಿತೆ ಎಂದು ಅವಳ ದೇಶದ ರಾಯಭಾರ ಕಚೇರಿಯಿಂದ ಪತ್ರ ಬೇಕು. ಹುಡುಗ ಹೊರದೇಶದಲ್ಲಿದ್ದರೆ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲೇ 1969ರ ಕಾಯ್ದೆಯಡಿ ಮದುವೆ ನಡೆಯಬಹುದು. ಆಮೇಲೆ ಅವಳು ಎಂಟ್ರಿ ವೀಸಾ ಮೇಲೆ ಬರುತ್ತಾಳೆ. 180 ದಿನಕ್ಕಿಂತ ಜಾಸ್ತಿಯ ವೀಸಾ ಆದರೆ ಬಂದ 14 ದಿನದಲ್ಲಿ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಅವಳ ನೋಂದಣಿ ಆಗಬೇಕು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ಹಳೇ ಕಾಯ್ದೆ ಹೋಯಿತು. ವೀಸಾ ಮುಗಿದ ಮೇಲೂ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ, ಅಥವಾ ಎರಡೂ.

ಪೌರತ್ವಕ್ಕೆ 1955ರ ಕಾಯ್ದೆಯ 5ನೇ ಕಲಂ. ಭಾರತೀಯರನ್ನು ಮದುವೆಯಾದವರು ಅರ್ಜಿಗೆ ಮೊದಲು 7 ವರ್ಷ ಇಲ್ಲಿ ವಾಸವಾಗಿರಬೇಕು. ಕೊನೆಯ 12 ತಿಂಗಳು ಬಿಡದೆ ಇಲ್ಲೇ ಇರಬೇಕು. ಅದರ ಹಿಂದಿನ 8 ವರ್ಷದಲ್ಲಿ ಒಟ್ಟು 6 ವರ್ಷ ಇದ್ದಿರಬೇಕು. ಅರ್ಜಿ ಡಿಸಿ ಆಫೀಸಿನಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಹೋಗುತ್ತದೆ. ತನ್ನ ಮೂಲ ಪೌರತ್ವವನ್ನು ಅವಳು ಬಿಡಬೇಕು. ಇಡೀ ಕಾಯ್ದೆಯಲ್ಲಿ ಸೈನಿಕನ ಪತ್ನಿಗೆ ಅಂತ ಒಂದು ಸಾಲೂ ಇಲ್ಲ. ಗಂಡನಿಗೆ ವಿದೇಶದ ರಾಯಭಾರ ಕಚೇರಿಯಲ್ಲಿ ಮೂರು ವರ್ಷದ ಕೆಲಸ ಬಿದ್ದು ಅವಳೂ ಜೊತೆಗೆ ಹೋದರೆ ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಹೇಳುವ ಸೈನಿಕರ ನಿಯಮವೂ ಇಲ್ಲ. ಗಂಡ ಗಡಿಯಲ್ಲಿ ತೀರಿಕೊಂಡರೆ ಅವಳಿಗೆ ಹೀಗೆ ಎಂದು ಹೇಳುವ ವಾಕ್ಯವೂ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಅನುಮತಿಯ ನಿಯಮದ ಬಗ್ಗೆ ಅಲ್ಲ. ಯುದ್ಧವಿಮಾನ ಹಾರಿಸುವವನ ಮನೆಯಲ್ಲಿ ಯಾರಿದ್ದಾರೆ ಅಂತ ದೇಶ ಕೇಳಬೇಕಾದದ್ದೇ. ಆದರೆ ಸರ್ಕಾರ ತಾನೇ ವಿಚಾರಣೆ ಮಾಡಿ, ಹೂಂ ಅಂದು ಒಪ್ಪಿದ ಹೆಣ್ಣುಮಗಳನ್ನು ಆಮೇಲೆ ಪ್ರವಾಸಕ್ಕೆ ಬಂದು ಮದುವೆಯಾದವರ ಸಾಲಿನಲ್ಲೇ 7 ವರ್ಷ ನಿಲ್ಲಿಸುವುದೇಕೆ? ಆ ವಿಚಾರಣೆಗೆ ಒಂದು ಬೆಲೆ ಇರಬೇಕಲ್ವಾ? ಪೋಸ್ಟಿಂಗ್ ದಿನಗಳನ್ನಾದರೂ ಎಣಿಸಬಹುದು. ಅದಕ್ಕೆ ದೇಶದ ಭದ್ರತೆಯೇನೂ ಸಡಿಲವಾಗುವುದಿಲ್ಲ.

ವಿಚಿತ್ರ ಏನೆಂದರೆ, ಹೊರಗಿನವರನ್ನು ಸೈನ್ಯಕ್ಕೇ ಸೇರಿಸಿಕೊಂಡ ದೇಶ ನಮ್ಮದು. ಗೋರ್ಖಾ ರೆಜಿಮೆಂಟುಗಳಲ್ಲಿ ನೇಪಾಳದ ಪೌರರು ಭಾರತದ ಸಮವಸ್ತ್ರ ತೊಟ್ಟು ದುಡಿದಿದ್ದಾರೆ. ಇನ್ನೂ ಹಿಂದೆ ಹೋದರೆ ಬೀದರ್‌ನ ಹಬ್ಶಿಕೋಟ್ ಎಂಬ ಹೆಸರೇ ಆಫ್ರಿಕದಿಂದ ಬಂದ ಹಬ್ಶಿ ಸೈನಿಕರದ್ದು. ಇರಾನಿನಿಂದ ಬಂದ ಮಹಮದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ. 1481ರಲ್ಲಿ ಅವನ ತಲೆ ಹಾರಿದ್ದರ ಹಿಂದೆಯೂ ಒಳಗಿನ ದಖ್ಖನಿಗಳು, ಹೊರಗಿನ ಆಫಾಕಿಗಳು ಅನ್ನುವ ಜಗಳವೇ ಇತ್ತು.

ಪೌರತ್ವಕ್ಕೆ 7 ವರ್ಷ ಕಾಯುವವರೆಗೆ ಒಸಿಐ ಒಂದು ಆಸರೆ. 2015ರ ತಿದ್ದುಪಡಿಯಿಂದ ವಿದೇಶಿ ಪತಿ ಅಥವಾ ಪತ್ನಿಗೂ ಅದು ಸಿಗುತ್ತದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಸತತ ಬಾಳಿರಬೇಕು, ಭದ್ರತಾ ತಪಾಸಣೆ ಆಗಬೇಕು. ಪಾಕಿಸ್ತಾನ, ಬಾಂಗ್ಲಾದೇಶದ ಪೌರರಿಗೆ ಇಲ್ಲ. ಅವರ ಮುತ್ತಜ್ಜ ಅಲ್ಲಿನವರಾಗಿದ್ದರೂ ಇಲ್ಲ. ನೇಪಾಳದವರಿಗೆ ವೀಸಾವೇ ಬೇಡ, ಆದರೆ ಪೌರತ್ವಕ್ಕೆ ಅದೇ 7 ವರ್ಷ. ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. 2004ರ ಡಿಸೆಂಬರ್ 3ರಿಂದ ಇಲ್ಲಿ ಹುಟ್ಟಿದ ಮಗು, ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೆ ಭಾರತೀಯ. ಆದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ತಾಯಿಯ ವೀಸಾ ನವೀಕರಿಸುವುದು ಮರೆತರೆ ಅದು ಮಗುವಿನ ತಲೆ ಮೇಲೆ ಬರುತ್ತದೆ.

ಇಷ್ಟೆಲ್ಲ ಹೇಳುವ ಹೊತ್ತಿಗೆ ಕಾಕಾರಿಗೆ ಎರಡನೇ ಚಹಾ ಬಂದಿತ್ತು. ಅವರ ನಿಜವಾದ ಚಿಂತೆ ಆಗ ಹೊರಗೆ ಬಂತು. ಎಂಟು ಎಕರೆ ತೊಗರಿ ಹೊಲ ಇದೆ, ಮಗಳ ಹೆಸರಿಗೆ ದಾನಪತ್ರ ಮಾಡಬೇಕು. ಆಗುವುದಿಲ್ಲ ಅಂದೆ. ಹೊರದೇಶದಲ್ಲಿ ನೆಲೆಸಿದ ಭಾರತೀಯರೂ ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ. ಒಸಿಐ ಇದ್ದವರಿಗೂ ಅದೇ. ವಾರಸಿನಿಂದ ಬಂದರೆ ಮಾತ್ರ ಅಡ್ಡಿಯಿಲ್ಲ. ಅವಳು ಅಮೆರಿಕದ ಪೌರಳಾದ ಕ್ಷಣ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಆಗ ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ, ಒಸಿಐಗೆ ಅರ್ಜಿ ಹಾಕಬೇಕು. ಮತದ ಹಕ್ಕೂ ಹೋಗುತ್ತದೆ.

"ಹೊಲದ್ದು ವಿಲ್ ಬರಸ್ತೀನಿ ಬಿಡ್ರಿ. ಅಳಿಯಗೂ ಆ ಒಸಿಐ ಸಿಗ್ತದೇನು? ವರ್ಷಾ ಶರಣಬಸವೇಶ್ವರ ಜಾತ್ರಿಗೆ ಬರ್ತೀನಿ ಅಂದಾನ."

ಇದನ್ನು ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ವಿದೇಶಿ ಸೇನೆಯಲ್ಲಿ ಇರುವವರಿಗೆ ಭಾರತ ಒಸಿಐ ಕೊಡುವುದಿಲ್ಲ. ನಿವೃತ್ತರಾದವರಿಗೂ ಕೊಡುವುದಿಲ್ಲ. ಅಳಿಯ ಇಪ್ಪತ್ತು ವರ್ಷ ದುಡಿದು ಪಿಂಚಣಿ ತೆಗೆದುಕೊಂಡು ಕಲಬುರಗಿಯಲ್ಲಿ ಮನೆ ಮಾಡುತ್ತೇನೆ ಅಂದರೂ ವೀಸಾ ಮೇಲೆಯೇ ಇರಬೇಕು. ಅವನ ಸಮವಸ್ತ್ರ ಅಲ್ಲಿ ಹೆಂಡತಿಗೆ ಬಾಗಿಲು ತೆರೆಯುತ್ತದೆ, ಇಲ್ಲಿ ಅವನಿಗೇ ಮುಚ್ಚುತ್ತದೆ.

ಕಾಕಾ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಕನ್ನಡಕ ಏರಿಸಿ, ವೀಸಾ ಅರ್ಜಿಗೆ ಏನೇನು ಬೇಕು ಬರೆದುಕೊಡು ಅಂದರು. ಬರೆದುಕೊಟ್ಟೆ. ಅಳಿಯ ಬಂದಿಳಿದ 24 ಗಂಟೆಯೊಳಗೆ ಮನೆಯವರಾಗಿ ನೀವೇ, ವಿದೇಶಿಯರು ಮನೆಯಲ್ಲಿ ತಂಗಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು ಅನ್ನುವುದನ್ನು ಕೊನೆಗೆ ಸೇರಿಸಿದೆ.

"ನಮ್ಮ ಮನಿಗಿ ನಮ್ಮ ಅಳಿಯ ಬಂದ್ರೂ ಪೊಲೀಸರಿಗಿ ಹೇಳಬೇಕೇನು?"

"ಹೌದ್ರಿ ಕಾಕಾ. ಆನ್‌ಲೈನ್ ಅದ. ನಾನೇ ತುಂಬಿಕೊಡ್ತೀನಿ, ರೊಕ್ಕಾ ಬ್ಯಾಡ."